ಮಹಮ್ಮದ್ ಕುಂಞಿ ಹೆಸರಿಗೆ ಒಂದು ಫೋಟೋ

ಪುಂಜಾಲಕಟ್ಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಅಬ್ದುಲ್ ಶುಕೂರ್ ಸಾಧು ಮನುಷ್ಯ ಅಂತ ಯಾರಾದರೂ ನಿಮಗೆ ಹೇಳಿದ್ದರೆ, ಅವರು ಅವನಿಂದ ಚಪ್ಪಲಿ ಕೊಂಡವರೇ ಹೊರತು ಅವನ ತಂಟೆಗೆ ಹೋದವರಲ್ಲ. ತೊಂಬತ್ತಮೂರರಲ್ಲಿ ಒಬ್ಬ ಕಂಡಕ್ಟರ್ ಸುರಿಯುವ ಮಳೆಯಲ್ಲಿ ಅವನನ್ನು ಎರಡು ಫರ್ಲಾಂಗು ಮುಂದೆ ಇಳಿಸಿದ. ಶುಕೂರ್ ಒಂದು ಮಾತೂ ಆಡದೆ ಇಳಿದ, ಆದರೆ ಮತ್ತೆ ಆ ಬಸ್ಸು ಹತ್ತಲಿಲ್ಲ. ಮಾಲಕರು ಬಸ್ಸನ್ನು ಮಾರಿ, ಕೊಂಡವರು ಬಣ್ಣ ಬದಲಿಸಿ, ಹೆಸರು ಬದಲಿಸಿ ಓಡಿಸತೊಡಗಿದ ಮೇಲೂ ಹತ್ತಲಿಲ್ಲ. "ಬಣ್ಣ ಬಳಿದರೆ ಎಂತಾಯ್ತು, ಎಂಜಿನ್ ಅದೇ ಅಲ್ವಾ?" ಅನ್ನುತ್ತಿದ್ದ. ಅವನ ಸಿಟ್ಟು ಹೀಗೆ. ಹೊಗೆ ಬರುವುದಿಲ್ಲ, ಆರುವುದೂ ಇಲ್ಲ.

ಅಂಗಡಿ ಇಡುವ ಮೊದಲು ಅವನು ಒಂಬತ್ತು ವರ್ಷ ಕುವೈತಿನಲ್ಲಿ ಒಂದು ಗೋದಾಮಿನ ಸ್ಟೋರ್‌ಕೀಪರ್ ಆಗಿದ್ದ. ಯಾವ ಪೆಟ್ಟಿಗೆ ಎಷ್ಟು ಗಂಟೆಗೆ ಒಳಗೆ ಬಂತು, ಎಷ್ಟು ಗಂಟೆಗೆ ಹೊರಗೆ ಹೋಯಿತು, ಎಲ್ಲವನ್ನೂ ಉದ್ದ ಪುಸ್ತಕದಲ್ಲಿ ಬರೆದಿಡುವ ಕೆಲಸ. ಅವನ ಕೋಣೆಯಲ್ಲೇ ಇದ್ದವನು ಬಂಟ್ವಾಳ ಪೇಟೆಯ ಮಹಮ್ಮದ್ ಕುಂಞಿ. ಕುಂಞಿ ಒಂದು ಬೇಕರಿಯಲ್ಲಿ ಖುಬ್ಬೂಸ್ ಸುಡುತ್ತಿದ್ದ. ಸಂಜೆ ಬರುವಾಗ ಬಿಸಿ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಇಬ್ಬರೂ ಉಟ್ಟ ಬಟ್ಟೆಯಲ್ಲಿ ಹೊರಟರು. ಬಸ್ರಾ, ಬಗ್ದಾದ್ ದಾಟಿ, ಜೋರ್ಡಾನಿನ ಗಡಿಯಲ್ಲಿ ಮರಳಿನ ಮೇಲೆ ಹಾಕಿದ ಡೇರೆಗಳಲ್ಲಿ ಸಾವಿರಾರು ಜನರ ನಡುವೆ ಬಿದ್ದುಕೊಂಡರು. ಅಲ್ಲಿ ಕುಂಞಿಗೆ ಭೇದಿ ಹಿಡಿಯಿತು. ನಾಲ್ಕನೆಯ ದಿನ ಅವನು ಹೋದ. ಶುಕೂರ್ ಮತ್ತು ಇಬ್ಬರು ಮಲೆಯಾಳಿಗಳು ಡೇರೆಯ ಹಿಂದೆ ಮರಳು ತೋಡಿ ಅವನನ್ನು ಮಲಗಿಸಿದರು. ಕೈಗೆ ಸಿಕ್ಕಿದ ಒಂದು ಡಬ್ಬಿಯ ಮುಚ್ಚಳದಲ್ಲಿ ತೋಡಿದ್ದು, ಅದನ್ನು ಶುಕೂರ್ ಯಾರಿಗೂ ಹೇಳಿರಲಿಲ್ಲ.

ಊರಿಗೆ ಬಂದವನು ಮನೆಗೆ ಹೋಗುವ ಮೊದಲು ಕುಂಞಿಯ ಹೆಂಡತಿ ಸೈನಬಳ ಬಾಗಿಲಿಗೆ ಹೋದ. ಕುಂಞಿಯ ಕೈಗಡಿಯಾರವನ್ನು ಜಗಲಿಯ ಮೇಲಿಟ್ಟ. ಬೇರೆ ಪುರಾವೆ ಇರಲಿಲ್ಲ. ಗೋರಿ ಇಲ್ಲ, ಮರಣಪತ್ರ ಇಲ್ಲ, ಪಾಸ್‌ಪೋರ್ಟು ಡೇರೆಯ ಗಲಾಟೆಯಲ್ಲಿ ಯಾರ ಪಾಲಾಯಿತೋ ಗೊತ್ತಿಲ್ಲ. ಇದ್ದದ್ದು ಶುಕೂರನ ಮಾತು ಒಂದೇ. ಆ ಮಾತನ್ನು ನಂಬಿ ಸೈನಬ ನಾಲ್ಕು ತಿಂಗಳು ಹತ್ತು ದಿನ ವಿಧವೆಯ ಇದ್ದತ್ ಕೂತಳು, ಐದು ವರ್ಷದ ಮಗ ಸಾಬಿತನನ್ನು ಬೀಡಿ ಕಟ್ಟಿ ಬೆಳೆಸಿದಳು, ಪ್ರತಿವರ್ಷ ಗಂಡ ತೀರಿಹೋದ ಸಫರ್ ಎಂಬ ಚಾಂದ್ರಮಾಸದಲ್ಲಿ ಅವನ ಹೆಸರಿಗೆ ನೇರ್ಚೆ ಇಟ್ಟಳು. ನೇರ್ಚೆ ಅಂದರೆ ಮಸೀದಿಯ ಉಸ್ತಾದರನ್ನು ಕರೆಸಿ ಪ್ರವಾದಿಯ ಸ್ತುತಿಯಾದ ಮೌಲೂದ್ ಓದಿಸುವುದು, ತೀರಿಹೋದವರ ಹೆಸರು ಹೇಳಿ ದುಆ ಮಾಡಿಸುವುದು, ಬಂದವರಿಗೆ ಊಟ ಬಡಿಸುವುದು. ಮೊದಲ ಕರೆ ಶುಕೂರನಿಗೆ. ಮೊದಲ ಬಟ್ಟಲೂ ಅವನಿಗೇ. ಹದಿಮೂರು ವರ್ಷ ಹಾಗೆ ನಡೆಯಿತು.

ಕುವೈತಿನಿಂದ ಶುಕೂರ್ ತಂದ ಇನ್ನೊಂದು ಸಾಮಾನು ಲೋಕದ ಸುದ್ದಿಯ ಹುಚ್ಚು. ಯಾವನೋ ಒಬ್ಬ ಎಲ್ಲೋ ಕೂತು ಒಂದು ಗೆರೆ ಎಳೆದರೆ ತನ್ನ ಗೆಳೆಯ ಮರಳಲ್ಲಿ ಸಾಯುತ್ತಾನೆ ಎಂದು ಕಂಡವನಿಗೆ ಆ ಗೆರೆ ಎಳೆಯುವವರ ಮೇಲೆ ಒಂದು ಕಣ್ಣು ಇರಬೇಕಲ್ಲ. ಚಪ್ಪಲಿ ಡಬ್ಬಗಳ ನಡುವೆ ಶಾರ್ಟ್‌ವೇವ್ ರೇಡಿಯೋ ಇಟ್ಟುಕೊಂಡ. ಕ್ಲಿಂಟನ್ನನ ಹಗರಣ, ಫ್ಲಾರಿಡಾದಲ್ಲಿ ಮತ ಎಣಿಸಿ ಎಣಿಸಿ ಮುಗಿಯದ ಕಥೆ, ಎಲ್ಲವೂ ಮೊದಲು ಅವನ ಅಂಗಡಿಗೆ ಬಂದು ಆಮೇಲೆ ಹೋಟೆಲುಗಳಿಗೆ ಹೋಗುತ್ತಿತ್ತು. ಎದುರಿನ ಎಸ್‌ಟಿಡಿ ಬೂತಿನ ವಿಮಲಕುಮಾರ ಅರಿಗರು ಎರಡು ಕಂಪ್ಯೂಟರ್ ತಂದಿಟ್ಟ ಮೇಲಂತೂ ಶುಕೂರನಿಗೆ ಮಧ್ಯಾಹ್ನದ ನಿದ್ದೆ ಬಿಟ್ಟೇಹೋಯಿತು. ಅರಿಗರು ಜೈನರು, ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು, ಆದರೆ ಅಮೆರಿಕದ ಸುದ್ದಿ ಬಂದರೆ ಅವರಿಗೂ ಹೊತ್ತಿನ ಪರಿವೆ ಇರಲಿಲ್ಲ.

ಯಾಹೂವಿನಲ್ಲಿ ನಮ್ಮ ಕಡೆಯವರ ಒಂದು ಗುಂಪು ಇತ್ತು. ದಮ್ಮಾಮಿನ ಶರೀಫ್ ಎಂಬಾತ ಅದರ ಯಜಮಾನ. ಶಾರ್ಜಾ, ದೋಹಾ, ಮಂಗಳೂರು, ಬೆಳ್ತಂಗಡಿ, ಎಲ್ಲಾ ಕಡೆಯಿಂದ ಮುನ್ನೂರು ಮಂದಿ ಸೇರಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಅಮೆರಿಕದ ಅಧ್ಯಕ್ಷರಿಗೆ ಬುದ್ಧಿ ಹೇಳುತ್ತಿದ್ದರು. ಅಧ್ಯಕ್ಷರಿಗೆ ಅದು ತಲಪುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಶುಕೂರ್ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದ. ನಾಲ್ಕು ಸಾಲಿಗೆ ಅರ್ಧ ಗಂಟೆ, ಆದರೆ ಗುಂಪಿನವರು ಆ ನಾಲ್ಕು ಸಾಲಿಗೆ ಕಾಯುತ್ತಿದ್ದರು.

ಆ ಗುಂಪಿಗೆ ಒಬ್ಬ ಅಮೆರಿಕದವನು ಬಂದ. ಹೆಸರು ಜೆರ್ಸಿ ಕಿಂಗ್. ನ್ಯೂಜೆರ್ಸಿಯಲ್ಲಿ ಪೆಟ್ರೋಲ್ ಪಂಪಿನಲ್ಲಿ ರಾತ್ರಿಪಾಳಿಯಂತೆ, ಹಾಗಾಗಿ ನಮ್ಮ ಹಗಲಿಗೆ ಬರೆಯುವುದಂತೆ. ಬಿಳಿ ಮರದ ಮನೆಯ ಮುಂದೆ ಕೋಟು ಹಾಕಿ ನಿಂತ ಒಂದು ಫೋಟೋವನ್ನೂ ಹಾಕಿದ್ದ. ಯಾವ ಚರ್ಚೆ ಬಂದರೂ, "ನಾನು ಇಲ್ಲಿದ್ದೇನೆ, ಕಣ್ಣಾರೆ ನೋಡ್ತೇನೆ, ನೀವು ಅಲ್ಲಿ ಕೂತು ಎಂತ ಮಾತಾಡುವುದು?" ಅಂದರೆ ಮುಗಿಯಿತು, ಎಲ್ಲರ ಬಾಯಿ ಬಂದ್.

ಎರಡು ಸಾವಿರದ ನಾಲ್ಕರ ಮಾರ್ಚಿನಲ್ಲಿ ಇರಾಕಿನ ಹೊಸ ಯುದ್ಧಕ್ಕೆ ಒಂದು ವರ್ಷ ತುಂಬಿತು. ಆ ಯುದ್ಧ ಸರಿ ಅಂತ ಜೆರ್ಸಿ ಕಿಂಗ್ ಬರೆದ. ಶುಕೂರ್ ಮೊದಲ ಬಾರಿಗೆ ತನ್ನ ಕಥೆಯನ್ನು ಬರೆದ. ಆ ದಾರಿಯನ್ನು ತಾನು ನಡೆದದ್ದು, ಮಹಮ್ಮದ್ ಕುಂಞಿ, ಬೇಕರಿ, ಗಡಿಯ ಡೇರೆ, ಮರಳು. ಎರಡು ಮಧ್ಯಾಹ್ನ ಹಿಡಿಯಿತು. ಗುಂಪಿನವರೆಲ್ಲ ಮರುಗಿದರು. ಶಾರ್ಜಾದಲ್ಲಿ ಕೆಲಸಕ್ಕಿದ್ದು ಗುಂಪಿನಲ್ಲೂ ಇದ್ದ ಕುಂಞಿಯ ಮಗ ಸಾಬಿತ್ ಅದನ್ನು ಅಚ್ಚು ಹಾಕಿಸಿ ಇಟ್ಟುಕೊಂಡ.

ಸೋಲು ಒಪ್ಪಬಾರದಲ್ಲ, ಜೆರ್ಸಿ ಕಿಂಗ್ ಮರುದಿನ ಬರೆದ: "ಈ ಚಪ್ಪಲಿಯವ ಬರೆದದ್ದು ರೇಡಿಯೋ ಕೇಳಿ ಕಟ್ಟಿದ ಕಥೆ. ಆ ಕ್ಯಾಂಪಿನಲ್ಲಿ ನನ್ನ ಸೋದರಮಾವ ಇದ್ದರು. ಬಂಟ್ವಾಳದವರು ಯಾರೂ ಅಲ್ಲಿ ಸತ್ತಿಲ್ಲ. ಮಹಮ್ಮದ್ ಕುಂಞಿ ಎಂಬ ರೊಟ್ಟಿಯವರನ್ನು ಮಾವ ತೊಂಬತ್ತೈದರಲ್ಲಿ ಅಮ್ಮಾನಿನ ಒಂದು ಬೇಕರಿಯಲ್ಲಿ ಕಂಡಿದ್ದಾರೆ. ಕಾಯಿಲೆಯವರನ್ನು ಬಿಟ್ಟು ಓಡಿಬಂದವರು ಈಗ ಮಣ್ಣು ಹಾಕಿದ ಕಥೆ ಹೇಳ್ತಾರೆ."

ಶುಕೂರ್ ಅದನ್ನು ಮೂರು ಸಲ ಓದಿದ. ಅರಿಗರು ನೀರು ತಂದುಕೊಟ್ಟರು, ಅದನ್ನೂ ಕುಡಿಯಲಿಲ್ಲ.

ಆ ವಾರ ಸಾಬಿತನ ಫೋನು ಬಂತು. ಚಿಕ್ಕಂದಿನಲ್ಲಿ ಶುಕೂರನೇ ಹೆಗಲ ಮೇಲೆ ಕೂರಿಸಿ ಮೆರೆಸಿದ್ದ ಹುಡುಗನ ಸ್ವರ ಗಟ್ಟಿಯಾಗಿತ್ತು. "ಶುಕೂರಾಕ, ಅಲ್ಲಾಹನ ಮೇಲೆ ಆಣೆ ಮಾಡಿ ಹೇಳಿ. ನನ್ನ ಬಾಪ ಉಸಿರು ಬಿಟ್ಟದ್ದನ್ನು ನೀವು ನೋಡಿದ್ದೀರಾ?"

"ನೋಡಿದ್ದೇನೆ. ನನ್ನ ತೊಡೆಯ ಮೇಲೇ ಹೋದದ್ದು. ಗಡಿಯಾರ ನಾನೇ ಬಿಚ್ಚಿದ್ದು ಮಗಾ."

"ಗಡಿಯಾರವನ್ನು ಬದುಕಿದವರ ಕೈಯಿಂದಲೂ ಬಿಚ್ಚಬಹುದಲ್ಲ," ಅಂದ ಸಾಬಿತ್. ರಮ್ಜಾನ್ ಮುಗಿದು ಪೆರ್ನಾಲ್ ಹಬ್ಬ ಕಳೆದ ಕೂಡಲೇ ರಜೆ ಹಾಕಿ ಅಮ್ಮಾನಿಗೆ ಹೋಗುತ್ತೇನೆ, ಅಲ್ಲಿ ಸಿಗದಿದ್ದರೆ ಬಗ್ದಾದಿಗೂ ಹೋಗುತ್ತೇನೆ ಅಂತ ಫೋನಿಟ್ಟ. ಬಗ್ದಾದಿನಲ್ಲಿ ಆ ವರ್ಷ ಹೊರಗಿನಿಂದ ಹೋದವರ ತಲೆ ಕಡಿಯುತ್ತಿದ್ದರು.

ಸಫರ್ ತಿಂಗಳು ಬಂತು, ಹೋಯಿತು. ನೇರ್ಚೆಗೆ ಕರೆ ಬರಲಿಲ್ಲ. ಮರೆತಿರಬಹುದು ಅಂತ ಶುಕೂರ್ ತಾನೇ ಬಂಟ್ವಾಳಕ್ಕೆ ಹೋದ. ಸೈನಬ ಜಗಲಿಯಲ್ಲಿ ಬೀಡಿ ಎಲೆ ತುಂಬಿದ ಮೊರದಂಥ ತಡ್ಪೆ ಇಟ್ಟುಕೊಂಡು ಕೂತಿದ್ದಳು. ಕೂತ್ಕೊಳ್ಳಿ ಅಂದಳು, ಚಾ ಕೊಟ್ಟಳು. ಆಮೇಲೆ ಒಳಗೆ ಹೋಗಿ ಆ ಗಡಿಯಾರವನ್ನು ತಂದು ಅವನ ಮುಂದಿಟ್ಟಳು.

"ಇದು ನಿಮ್ಮಲ್ಲೇ ಇರಲಿ ಶುಕೂರಾಕ. ಬದುಕಿದವರಿಗೆ ನೇರ್ಚೆ ಇಟ್ಟರೆ ದೋಷ ಅಲ್ವಾ? ಸಾಬಿತ್ ಹೋಗಿ ಬರಲಿ, ಮತ್ತೆ ನೋಡುವ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳ ಮುಖದಲ್ಲಿ ಬೈಗುಳ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಣದ ಒಂದು ಬೆಳಕಿತ್ತು, ಆ ಬೆಳಕಿಗೆ ಅಡ್ಡ ನಿಂತವನು ತಾನು. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ. ಜೆರ್ಸಿ ಕಿಂಗ್ ಅಮೆರಿಕದಲ್ಲಿರಲಿ, ಚಂದ್ರಲೋಕದಲ್ಲಿರಲಿ, ಅವನನ್ನು ಹಿಡಿದು ಅವನ ಬಾಯಿಯಿಂದಲೇ ಸತ್ಯ ಕಕ್ಕಿಸುವವರೆಗೆ ಬಿಡುವುದಿಲ್ಲ ಅಂತ ಆ ಬಸ್ಸಿನಲ್ಲೇ ನಿಶ್ಚಯ ಮಾಡಿದ.

ಮರುದಿನ ಉದ್ದದ ಒಂದು ಪುಸ್ತಕ ಕೊಂಡ. ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಮಾಡುತ್ತಿದ್ದ ಹಾಗೆ ಜೆರ್ಸಿ ಕಿಂಗನ ಪ್ರತಿಯೊಂದು ಸಾಲಿಗೂ ತಾರೀಕು, ವಾರ, ಗಂಟೆ, ನಿಮಿಷ ಬರೆದಿಡತೊಡಗಿದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಗೋದಾಮಿನಲ್ಲೂ ಹಾಗೆಯೇ, ಕಳವು ಆಗುವುದಕ್ಕೆ ಮೊದಲು ಯಾರು ಕಳ್ಳ ಅಂತ ಗೊತ್ತಿರುವುದಿಲ್ಲ, ಬರೆದಿಟ್ಟರೆ ಒಂದು ದಿನ ಪುಸ್ತಕವೇ ಹೇಳುತ್ತದೆ. ಅರಿಗರು ಮೊದಮೊದಲು ನಗುತ್ತಿದ್ದರು. "ಎಂತ ಬ್ಯಾರಿಗಳೇ, ಆ ಜನಕ್ಕೆ ಸಂಬಳ ಕೊಡ್ಲಿಕ್ಕುಂಟಾ?" ಶುಕೂರ್ ನಗಲಿಲ್ಲ. ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಎಪ್ಪತ್ತು ಪುಟ ತುಂಬಿತು.

ಸೆಪ್ಟೆಂಬರಿನ ಒಂದು ಮಂಗಳವಾರ ಅವನು ಬೂತಿಗೆ ಹೋದರೆ ಕಂಪ್ಯೂಟರ್ ಕಪ್ಪಗೆ ಕೂತಿತ್ತು. ಕರೆಂಟಿಲ್ಲ. "ಪೇಪರಿನಲ್ಲಿ ಹಾಕಿದ್ದಾರಲ್ಲ ಮಾರಾಯ್ರೆ, ನೋಡ್ಲಿಲ್ವಾ?" ಅಂದರು ಅರಿಗರು. ನಮ್ಮಲ್ಲಿ ಅದು ಮೊದಲಿನಿಂದ ಬಂದ ಪದ್ಧತಿ. ತಂತಿಗೆ ತಾಗುವ ಗೆಲ್ಲು ಕಡಿಯಲಿಕ್ಕೆ, ಕಂಬ ರಿಪೇರಿಗೆ ಅಂತ ಒಂದೊಂದು ಊರಿನ ಲೈನನ್ನು ಒಂದೊಂದು ದಿನ, ಹೆಚ್ಚಾಗಿ ಮಂಗಳವಾರ, ಒಂಬತ್ತರಿಂದ ಐದರ ತನಕ ಬಂದ್ ಮಾಡುವುದು, ಹಿಂದಿನ ದಿನ ಪತ್ರಿಕೆಯ ಮೂಲೆಯಲ್ಲಿ ವಿದ್ಯುತ್ ನಿಲುಗಡೆ ಅಂತ ಊರಿನ ಹೆಸರು ಸಮೇತ ಹಾಕುವುದು. ಗಿರಣಿಯವರು, ಐಸ್‌ಕ್ರೀಮಿನವರು ಅದನ್ನು ಮೊದಲು ಓದುತ್ತಾರೆ, ಉಳಿದವರು ಕರೆಂಟು ಹೋದ ಮೇಲೆ ಓದುತ್ತಾರೆ.

ಶುಕೂರ್ ಹಿಂದೆ ಹೋಗಿ ಅಂಗಡಿ ಮೆಟ್ಟಿಲಿನಲ್ಲಿ ಕೂತ. ಕರೆಂಟಿಲ್ಲದ ದಿನ ತಾನು ಬರೆಯುವುದಿಲ್ಲ. ಹಾಗಾದರೆ ದಿನ ತಪ್ಪದೆ ಬರೆಯುವ ಆ ಅಮೆರಿಕದವನು ಕೆಲವು ಮಂಗಳವಾರ ಯಾಕೆ ಸತ್ತುಬಿದ್ದಿರುತ್ತಾನೆ? ಪುಸ್ತಕ ತೆಗೆದ. ಆರು ದಿನ ಸಿಕ್ಕಿತು. ಆರೂ ದಿನ ಬೆಳಿಗ್ಗೆಯಿಂದ ಒಂದು ಸಾಲೂ ಇಲ್ಲ, ಸಂಜೆ ಐದು ದಾಟಿದ ಕೂಡಲೇ ಹಾಜರು. ಅರಿಗರು ಹಳೆಯ ಪೇಪರುಗಳನ್ನು ರದ್ದಿಗೆ ಹಾಕುವ ಜನ ಅಲ್ಲ, ಅಟ್ಟದಲ್ಲಿ ಕಟ್ಟು ಕಟ್ಟಿ ಇಟ್ಟಿದ್ದರು. ಇಬ್ಬರೂ ಕೂತು ಕೆದಕಿದರು. ಬಂಟ್ವಾಳದ ನಿಲುಗಡೆಗೆ ಆ ದಿನಗಳು ಹೊಂದಲಿಲ್ಲ. ಬೆಳ್ತಂಗಡಿಗೂ ಹೊಂದಲಿಲ್ಲ. ಮೂಡುಬಿದಿರೆಗೆ ಆರಕ್ಕೆ ಆರೂ ಹೊಂದಿತು.

"ನ್ಯೂಜೆರ್ಸಿಗೆ ಮೂಡುಬಿದಿರೆಯಿಂದ ಲೈನ್ ಎಳೆದದ್ದು ಯಾವಾಗ?" ಅಂದರು ಅರಿಗರು. ಸಂಜೆ ಕರೆಂಟು ಬಂದ ಮೇಲೆ ಆ ಫೋಟೋವನ್ನು ತೆರೆದು ದೊಡ್ಡದು ಮಾಡಿ ನೋಡಿದರು. ಬಿಳಿ ಮನೆ, ಕೆಂಪು ಎಲೆಯ ಮರ, ನೀಲಿ ಆಕಾಶ. "ಬ್ಯಾರಿಗಳೇ, ಇಲ್ಲಿ ಬನ್ನಿ. ಈ ಜನದ ನೆರಳು ಆಕಾಶದ ಮೇಲೆ ಬಿದ್ದದ್ದು ಕಾಣ್ತದಾ?" ಕಂಡಿತು. ಆಕಾಶದ ಮೇಲೆ ಮನುಷ್ಯನ ತಲೆಯ ನೆರಳು ಬೀಳಬೇಕಾದರೆ ಆಕಾಶ ಬಟ್ಟೆಯದ್ದಾಗಿರಬೇಕು. ಸ್ಟುಡಿಯೋದ ಪರದೆ. ಹಗಲಿಡೀ ಕಂಪ್ಯೂಟರ್ ಮುಂದೆ ಕೂರುವವನು ಆ ಸ್ಟುಡಿಯೋದವನೇ ಇರಬೇಕು. ಆ ಹೊತ್ತಿಗೆ ಶುಕೂರನಿಗೆ ಬಂದ ಖುಷಿ ಮಗಳು ಫರ್ಹಾನಳ ಮದುವೆಯ ದಿನವೂ ಬಂದಿರಲಿಲ್ಲ.

ಆದರೆ ಅವನು ಕೂಡಲೇ ಓಡಲಿಲ್ಲ. ಕರೆಂಟು ಹೋಗುವ ಗಳಿಗೆಯಲ್ಲಿ ಆ ಮುಖವನ್ನು ನೋಡಬೇಕಿತ್ತು. ಅಕ್ಟೋಬರಿನಲ್ಲಿ ರಮ್ಜಾನ್ ಬಂತು. ಸಾಬಿತನ ರಜೆ ಮಂಜೂರಾಯಿತು, ಅಮ್ಮಾನಿನ ಟಿಕೆಟೂ ಆಯಿತು. ನವೆಂಬರ್ ಎರಡಕ್ಕೆ ಅಮೆರಿಕದ ಚುನಾವಣೆ. ಅಲ್ಲಿಯ ರಾತ್ರಿಯಿಡೀ ಎಣಿಕೆ, ನಮಗೆ ಅದು ಬುಧವಾರದ ಹಗಲು. "ಇಡೀ ರಾತ್ರಿ ಕೂತು ಒಂದೊಂದು ರಾಜ್ಯದ ಸುದ್ದಿಯನ್ನೂ ನಾನು ಇಲ್ಲಿಂದ ಕೊಡ್ತೇನೆ," ಅಂತ ಜೆರ್ಸಿ ಕಿಂಗ್ ಇಡೀ ಗುಂಪಿಗೆ ಮಾತು ಕೊಟ್ಟ. ಮಂಗಳವಾರ ಬೆಳಿಗ್ಗೆ ಅರಿಗರು ಪೇಪರ್ ಹಿಡಿದುಕೊಂಡು ರಸ್ತೆ ದಾಟಿ ಓಡಿಬಂದರು. ತುರ್ತು ಕಾಮಗಾರಿ ಪ್ರಯುಕ್ತ ಬುಧವಾರ ಬೆಳಿಗ್ಗೆ ಒಂಬತ್ತರಿಂದ ಮೂಡುಬಿದಿರೆ ಪೇಟೆಯಲ್ಲಿ ನಿಲುಗಡೆ. ಸ್ಟುಡಿಯೋದವನು ಆ ಮೂಲೆ ಓದುವ ಜನ ಅಲ್ಲ ಅಂತ ಪುಸ್ತಕದ ಆರು ದಿನಗಳೇ ಹೇಳುತ್ತಿದ್ದವು.

ಬುಧವಾರ ನಸುಕಿಗೆ ಉಪವಾಸದ ಮುಂಚಿನ ಅತ್ತಾಳ ಉಂಡು, ಸುಬಹಿ ನಮಾಜು ಮುಗಿಸಿ ಶುಕೂರ್ ಮೊದಲ ಬಸ್ಸು ಹಿಡಿದ, ಇನ್ನೊಂದಕ್ಕೆ ಬದಲಿಸಿ ಎಂಟಕ್ಕೆ ಮೂಡುಬಿದಿರೆಯಲ್ಲಿ ಇಳಿದ. ಬಸ್‌ಸ್ಟ್ಯಾಂಡಿನ ತುಂಬ ಕಾಲೇಜು ಮಕ್ಕಳು. ಮೊದಲ ಎರಡು ಸ್ಟುಡಿಯೋಗಳ ಮುಚ್ಚಿದ ಗಾಜಿನ ಬಾಗಿಲಿನಿಂದ ಇಣುಕಿದರೆ ಪರದೆಯಲ್ಲಿ ಹೂವಿನ ತೋಟ, ಸಮುದ್ರ. ಮೂರನೆಯದು ಒಂದು ಕಟ್ಟಡದ ಮಹಡಿಯಲ್ಲಿತ್ತು, ಅಷ್ಟು ಬೇಗ ಬಾಗಿಲು ತೆಗೆದಿತ್ತು. ಒಳಗೆ ಹೋಗಿ ನೋಡಿದರೆ ಗೋಡೆಯ ಮೇಲಿನಿಂದ ನೆಲದವರೆಗೆ ಬಿಳಿ ಮನೆ, ಕೆಂಪು ಮರ, ನೀಲಿ ಆಕಾಶ. ಕೆಳ ಅಂಚು ಹರಿದಲ್ಲಿ ಬೇರೆ ಬಟ್ಟೆ ಹಚ್ಚಿ ಹೊಲಿದಿದ್ದರು.

ಹಲಗೆಯ ಗೋಡೆಯ ಆಚೆಯಿಂದ ಕಂಪ್ಯೂಟರಿನ ಕೀಲಿಮಣೆ ಕುಟ್ಟುವ ಸದ್ದು ಬರುತ್ತಿತ್ತು. "ಕೂತ್ಕೊಳ್ಳಿ, ಈಗ ಬಂದೆ," ಅಂತ ಒಂದು ಸ್ವರ. ಶುಕೂರ್ ಸ್ಟೂಲಿನ ಮೇಲೆ ಕೂತ. ಗೋಡೆಯ ಗಡಿಯಾರದಲ್ಲಿ ಎಂಟೂ ಐವತ್ತು. ಕುಟ್ಟುವ ಸದ್ದು ನಿಲ್ಲಲಿಲ್ಲ. ಒಂಬತ್ತಕ್ಕೆ ಎರಡು ನಿಮಿಷ ಕಳೆದು ಫ್ಯಾನು ನಿಂತಿತು, ದೀಪ ಹೋಯಿತು. ಆಚೆ ಯುಪಿಎಸ್ ಕೂಗಿತು, ಐದಾರು ನಿಮಿಷ ಕೂಗಿ ಅದೂ ಸತ್ತಿತು. "ಥತ್, ಇವತ್ತೇ ಆಗ್ಬೇಕಾ!" ಅನ್ನುತ್ತಾ ಮೂವತ್ತು ವರ್ಷದ ಒಬ್ಬ ತೆಳ್ಳಗಿನವನು ಬೆವರು ಒರೆಸಿಕೊಂಡು ಹೊರಗೆ ಬಂದ. ಫೋಟೋದಲ್ಲಿದ್ದ ಮುಖವೇ. ಕೋಟು ಇರಲಿಲ್ಲ, ಅಷ್ಟೇ.

"ಎಂತ ಕಾಕ, ಪಾಸ್‌ಪೋರ್ಟ್ ಸೈಜಾ? ಕರೆಂಟಿಲ್ಲ, ಸಂಜೆ ಬರ್ತೀರಾ?"

"ಓಹಿಯೋದಲ್ಲಿ ಯಾರು ಮುಂದೆ ಇದ್ದಾರೆ?" ಕೇಳಿದ ಶುಕೂರ್.

"ಬುಷ್," ಅಂದುಬಿಟ್ಟ ಅವನು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, "ನೀವು ಯಾರು?" ಅಂದ.

"ಫೋಟೋ ಬೇಕು. ಕ್ಯಾಮೆರಾಕ್ಕೆ ಅದರದ್ದೇ ಫ್ಲಾಶ್ ಉಂಟಲ್ಲ, ಸಾಕು. ಆ ಮನೆಯ ಮುಂದೆ ನಿಲ್ಲಿಸಿ ತೆಗಿ. ಉದ್ದಕ್ಕೆ, ಚಪ್ಪಲಿ ಕಾಣಬೇಕು."

ಅವನು ಕ್ಯಾಮೆರಾ ಎತ್ತಿಕೊಂಡ. ಶುಕೂರ್ ಬಿಳಿ ಮನೆಯ ಮುಂದೆ, ಆಕಾಶಕ್ಕೆ ತಲೆ ತಾಗಿಸಿ ನಿಂತ. ಫ್ಲಾಶ್ ಹೊಡೆಯಿತು. ಅವನು ರಶೀದಿ ಪುಸ್ತಕ ಎಳೆದುಕೊಂಡು, "ಯಾರ ಹೆಸರಿಗೆ ಬರೆಯಲಿ?" ಅಂದ.

ರಮ್ಜಾನಿನ ನೋಂಬು ಹಿಡಿದ ಬಾಯಿ, ಸುಳ್ಳು ಹೇಳುವಂತಿಲ್ಲ. ಶುಕೂರ್ ಹೇಳಲೂ ಇಲ್ಲ. "ಮಹಮ್ಮದ್ ಕುಂಞಿ ಅಂತ ಬರಿ. ಊರು ಬಂಟ್ವಾಳ. ಈಗ ಇರುವುದು ಅಮ್ಮಾನಿನ ಬೇಕರಿಯಲ್ಲಂತೆ, ನಿನ್ನ ಸೋದರಮಾವನಿಗೆ ಗೊತ್ತುಂಟಂತೆ."

ಪೆನ್ನು 'ಮಹ' ಅನ್ನುವಲ್ಲಿಗೆ ನಿಂತಿತು. ಅವನು ತಲೆ ಎತ್ತಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ರಕ್ತ ಇಳಿದುಹೋಗುವುದನ್ನು ಶುಕೂರ್ ನಿಂತು ಪೂರ್ತಿ ನೋಡಿದ. ಎಂಟು ತಿಂಗಳು ಕಾದದ್ದು ಇದನ್ನು ನೋಡಲಿಕ್ಕೆ, ಅವಸರ ಯಾಕೆ ಮಾಡಬೇಕು? "ನಿಲ್ಲಿಸಬೇಡ, ಬರಿ," ಅಂದ. ಅವನು ಬರೆದ. ಕೆಳಗೆ ಶುಕೂರ್ ಅವನ ಸಹಿ ಮಾಡಿಸಿಕೊಂಡ. ನಿಝಾಮ್ ಅಂತ ಹೆಸರು.

ಮರುದಿನ ಅರಿಗರ ತಮ್ಮನ ಮಗ ಜಿನೇಶ್ ಹೋಗಿ ಫೋಟೋ ತಂದ. ಸ್ಕ್ಯಾನ್ ಮಾಡಿ ಗುಂಪಿಗೆ ಹಾಕಿದರು. ಅದೇ ಬಿಳಿ ಮನೆ, ಅದೇ ಕೆಂಪು ಮರ, ಲುಂಗಿ ಉಟ್ಟ ಶುಕೂರ್, ಆಕಾಶದ ಮೇಲೆ ಅವನ ಟೊಪ್ಪಿಯ ನೆರಳು. ಪಕ್ಕದಲ್ಲಿ ಜೆರ್ಸಿ ಕಿಂಗನ ಹಳೆಯ ಫೋಟೋ, ಅದರ ಕೆಳಗೆ ರಶೀದಿ. ಆಮೇಲೆ ಒಂದೇ ಬೆರಳಿನಲ್ಲಿ ಶುಕೂರ್ ಕುಟ್ಟಿದ: "ನಾನೂ ಅಮೆರಿಕಕ್ಕೆ ಹೋಗಿ ಬಂದೆ. ಎರಡು ಬಸ್ಸು ಬದಲಿಸಿದರೆ ಸಾಕು. ಬುಧವಾರ ಅಲ್ಲಿ ಕರೆಂಟಿಲ್ಲ." ಆರು ಮಂಗಳವಾರಗಳ ಪಟ್ಟಿಯನ್ನು, ಪೇಪರಿನ ತುಂಡುಗಳನ್ನು ಅರಿಗರು ಹಿಂದಿನಿಂದ ಹಾಕಿದರು.

ದೋಹಾದಿಂದ ದಮ್ಮಾಮಿನ ತನಕ ನಗೆ ಹಬ್ಬಿತು. ಶರೀಫ್ ಜೆರ್ಸಿ ಕಿಂಗನನ್ನು ಗುಂಪಿನಿಂದ ಕಿತ್ತುಹಾಕಿದ. ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳು ಸ್ಟುಡಿಯೋದ ಮೆಟ್ಟಿಲು ಹತ್ತಿ, "ನ್ಯೂಜೆರ್ಸಿಗೆ ಎರಡು ಟಿಕೆಟ್," ಅಂತ ಕೇಳತೊಡಗಿದರು. ಮೂರು ಸಲ ವೀಸಾ ಸಿಗದೆ ವಾಪಸ್ ಬಂದಿದ್ದ ನಿಝಾಮ್, ಅಮೆರಿಕದ ಕಾಗದ ಆಗಿದೆ ಅಂತ ಹೆಂಡತಿಯ ಮನೆಯವರಿಗೂ ಹೇಳಿಕೊಂಡಿದ್ದ, ಅದೂ ಒಡೆಯಿತು. ಶುಕೂರ್ ಒಂದೊಂದು ಸುದ್ದಿಯನ್ನೂ ಎರಡೆರಡು ಸಲ ಹೇಳಿಸಿಕೊಂಡು ಕೇಳಿದ. ಸಾಬಿತ್ ಫೋನು ಮಾಡಿ, "ಟಿಕೆಟ್ ಕ್ಯಾನ್ಸಲ್ ಮಾಡಿದೆ ಶುಕೂರಾಕ," ಅಂದು ಅತ್ತ.

ಹಬ್ಬಕ್ಕೆ ಎರಡು ದಿನ ಇರುವಾಗ ನಿಝಾಮ್ ಚಪ್ಪಲಿ ಅಂಗಡಿಗೆ ಬಂದ. ಜೊತೆಗೆ ಅವನ ಹೆಂಡತಿಯ ತಂದೆ, ಬೆಳ್ತಂಗಡಿಯ ಅಬ್ದುಲ್ ನಾಸಿರ್. ಶುಕೂರ್ ಅವರನ್ನು ಹೊರಗೆ ನಿಲ್ಲಿಸಿ ನಾಲ್ಕು ಗಿರಾಕಿಗಳಿಗೆ ಚಪ್ಪಲಿ ತೋರಿಸಿದ, ಅಸರ್ ನಮಾಜಿಗೂ ಹೋಗಿ ಬಂದ.

"ತಪ್ಪಾಯ್ತು ಕಾಕ. ವಾದದಲ್ಲಿ ಸೋಲಬಾರದು ಅಂತ ಬಾಯಿಗೆ ಬಂದದ್ದು ಬರೆದೆ. ಆ ಹೆಸರಿನ ಹಿಂದೆ ಒಂದು ಮನೆ ಉಂಟು ಅಂತ ಯೋಚನೆಯೇ ಬರ್ಲಿಲ್ಲ," ಅಂತ ಕೈ ಹಿಡಿದ. ಕೈ ತಣ್ಣಗಿತ್ತು. ಶುಕೂರನಿಗೆ ಅಯ್ಯೋ ಅನಿಸಿತು, ಅದು ಅವನಿಗೇ ಹಿಡಿಸಲಿಲ್ಲ. "ನನ್ನಲ್ಲಿ ಕೇಳಿ ಎಂತ ಮಾಡ್ತೀ? ಕೇಳಬೇಕಾದವರು ಬಂಟ್ವಾಳದಲ್ಲಿದ್ದಾರೆ, ಹೋಗುವ," ಅಂದ.

ಸೈನಬ ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ನಿಝಾಮ್ ಜಗಲಿಯ ಕೆಳಗೆ ನಿಂತು ಅತ್ತ. "ಪೆರ್ನಾಲ್ ಬಂತಲ್ಲ ತಂಗೀ, ಕ್ಷಮಿಸಿಬಿಡು," ಅಂದರು ನಾಸಿರ್. ಶುಕೂರನೂ ತಲೆಯಾಡಿಸಿದ.

"ಶುಕೂರಾಕ ಕ್ಷಮಿಸಲಿ," ಅಂದಳು ಸೈನಬ. "ಅವರದ್ದು ಹೋದದ್ದು ಮಾನ, ಅದು ತಿರುಗಿ ಬಂತು. ನಾನು ಎಂಟು ತಿಂಗಳು ಬಸ್ಸು ನಿಂತ ಸದ್ದಿಗೆಲ್ಲ ಬಾಗಿಲಿಗೆ ಬಂದೆ. ಅವರಿಗೆ ಯಾವ ಅಂಗಿ ಆದೀತು, ತೋರ ಆಗಿರಬಹುದೋ, ಸಪೂರ ಆಗಿರಬಹುದೋ ಅಂತ ಲೆಕ್ಕ ಹಾಕಿದೆ. ನೀನು ನನ್ನ ಗಂಡನನ್ನು ಬದುಕಿಸಿ ಮತ್ತೊಮ್ಮೆ ಕೊಂದೆ. ಮೊದಲನೆಯ ಸಲ ಅಲ್ಲಾಹು ಕೊಂಡುಹೋದ, ನಾನು ಸುಮ್ಮನಾದೆ. ಎರಡನೆಯದು ನೀನು. ನಿನಗೆ ನನ್ನಲ್ಲಿ ಕ್ಷಮೆ ಇಲ್ಲ."

ಒ‌ಳಗೆ ಹೋದವಳು ಒಂದು ಪೊಟ್ಟಣ ತಂದು ಜಗಲಿಯ ಮೇಲೆ ಇಟ್ಟಳು. ಸಾಬಿತ್ ಬಾಪನಿಗೆ ಅಂತ ಶಾರ್ಜಾದಿಂದ ಕೊಟ್ಟು ಕಳಿಸಿದ ಅಂಗಿ. ಗುಂಡುಸೂಜಿ ಕೂಡ ಬಿಚ್ಚಿರಲಿಲ್ಲ. "ಸಫರ್ ತಿಂಗಳಿಗೆ ನೇರ್ಚೆ ಉಂಟು. ಇದನ್ನು ಹಾಕಿಕೊಂಡು ಬಾ. ತೀರಿಹೋದವರ ಹೆಸರನ್ನು ಉಸ್ತಾದರಿಗೆ ನೀನೇ ಹೇಳಬೇಕು." ಆಮೇಲೆ ಶುಕೂರನ ಕಡೆಗೆ ಕೈ ಚಾಚಿ, "ಗಡಿಯಾರ ಕೊಡಿ ಶುಕೂರಾಕ," ಅಂದಳು. ಅವನು ಜೇಬಿನಿಂದ ತೆಗೆದು ಕೊಟ್ಟ. ಏಳು ತಿಂಗಳಿನಿಂದ ಅದು ಅವನ ಜೇಬಿನಲ್ಲೇ ಇತ್ತು.

ಸಫರ್ ತಿಂಗಳು ಬಂತು. ನಿಝಾಮ್ ಬರುತ್ತಾನೆ ಅಂತ ಶುಕೂರ್ ನಂಬಿರಲಿಲ್ಲ, ಬಂದ. ಆ ಅಂಗಿ ಅವನಿಗೆ ದೊಗಳೆಯಾಗಿತ್ತು, ತೋಳು ಅರ್ಧ ಕೈಯನ್ನು ನುಂಗಿತ್ತು. ಹಾಸಿದ ಚಾಪೆಯ ಮೇಲೆ ಇಪ್ಪತ್ತು ಜನರ ಎದುರು ಅವನನ್ನು ಉಸ್ತಾದರ ಪಕ್ಕ ಕೂರಿಸಿದರು. ಮೌಲೂದ್ ಮುಗಿಯಿತು. ದುಆಕ್ಕೆ ಕೈ ಎತ್ತುವ ಮೊದಲು ಉಸ್ತಾದರು ಪದ್ಧತಿಯಂತೆ, "ಯಾರ ಹೆಸರಿಗೆ?" ಅಂತ ಕೇಳಿದರು.

"ಬಂಟ್ವಾಳದ ಮಹಮ್ಮದ್ ಕುಂಞಿ ಅವರಿಗೆ," ಅಂದ ನಿಝಾಮ್.

"ಪೂರ್ತಿ ಹೇಳು," ಅಂದಳು ಸೈನಬ ಒಳಗಿನಿಂದ.

"ತೊಂಬತ್ತನೇ ಇಸವಿಯಲ್ಲಿ ಜೋರ್ಡಾನಿನ ಗಡಿಯಲ್ಲಿ ತೀರಿಹೋದ ಮಹಮ್ಮದ್ ಕುಂಞಿ ಅವರಿಗೆ. ಮಣ್ಣು ಹಾಕಿದ್ದು ಶುಕೂರಾಕ."

ಉಸ್ತಾದರು ಕೈ ಎತ್ತಿದರು. ಶುಕೂರನೂ ಎತ್ತಿದ. ಆ ಬಾಯಿಯಿಂದ ಇದನ್ನೇ ಕೇಳಬೇಕು ಅಂತ ಬಸ್ಸಿನಲ್ಲಿ ಹಠ ಹಿಡಿದವನು ಅವನು, ಈಗ ಕೇಳಿಯಾಯಿತು. ಆದರೂ ನಿಝಾಮನ ದೊಗಳೆ ತೋಳನ್ನು ನೋಡಲಾರದೆ ಚಾಪೆಯನ್ನು ನೋಡುತ್ತಾ ಆಮೀನ್ ಅಂದ. ತಾನು ಊರನ್ನೆಲ್ಲ ನಗಿಸಿ ತೀರಿಸಿಕೊಂಡದ್ದು ಸೇಡೇ ಅಲ್ಲ ಅಂತ ಅವನಿಗೆ ಅನಿಸಿತು.

ಒಳಗಿನಿಂದ ಮೊದಲ ಬಟ್ಟಲು ಬಂತು. ಅದು ಶುಕೂರನ ಮುಂದೆ ಬಂದು ನಿಂತಿತು.

"ಅವನಿಗೂ ಬಡಿಸಿ," ಅಂದಳು ಸೈನಬ. "ಅಂಗಿಯನ್ನು ತೊಳೆದು ಇಟ್ಟುಕೊಳ್ಳಲಿಕ್ಕೆ ಹೇಳಿ. ಬರುವ ವರ್ಷವೂ ಅದೇ."